ಮೂರನೇ ಮಹಡಿಗೆ ಬಂದ ಬೀಸುಕಲ್ಲು

ಇಬ್ಬರು ಹಮಾಲಿಗಳು ಏದುಸಿರು ಬಿಡುತ್ತಾ ಬೀಸುಕಲ್ಲನ್ನು ಮೂರನೇ ಮಹಡಿಯ ಅಡುಗೆಮನೆಯಲ್ಲಿ ಇಳಿಸಿ ಹೋದರು. ಕಲ್ಲು ತರಿಸಿದ ಮಗ ಕಪಾಟಿಗೆ ಕೈಹಾಕಿ ಹಿಟ್ಟಿನ ಪೊಟ್ಟಣ, ಸೂಪಿನ ಪೊಟ್ಟಣ, ಬಿಸ್ಕತ್ತು ಎಲ್ಲವನ್ನೂ ಬಾಚಿ ಕಸದ ಚೀಲಕ್ಕೆ ತುಂಬಿದ.

“ಇವತ್ತಿಂದ ಈ ಮನೇಲಿ ಪೊಟ್ಟಣ ಬಂದ್. ನಮ್ಮ ಹಿರಿಯರು ಬೀಸ್ಕೊಂಡು ತಿಂದು ನೂರು ವರ್ಷ ಬದುಕಿದ್ರು.”

ಸೊಸೆ ಚಪ್ಪಲಿ ಮೆಟ್ಟಿ ನಿಂತಿದ್ದಳು. ಅವಳದು ಗಾರ್ಮೆಂಟ್ಸ್‌ನಲ್ಲಿ ಇಸ್ತ್ರಿ ಕೆಲಸ. ಎಂಟಕ್ಕೆ ಸರಿಯಾಗಿ ಗೇಟು ಮುಚ್ಚುತ್ತಾರೆ. ಈ ತಿಂಗಳು ಎರಡು ಸಲ ತಡವಾಗಿತ್ತು. ಮೂರನೆಯ ಸಲ ತಡವಾದರೆ ಬರಲೇಬೇಡ ಎಂದು ಸೂಪರ್‌ವೈಸರ್ ಹೇಳಿಯಾಗಿತ್ತು.

“ಪೊಟ್ಟಣ ಒಳ್ಳೇದು ಅಂತ ನಾನೂ ಹೇಳಲ್ಲ ರೀ. ಗೋಧಿ ಹಸನು ಮಾಡಿ ಕೊಡ್ತೀನಿ, ಗಿರಣಿಗೆ ಹಾಕಿಸ್ಕೊಂಡು ಬನ್ನಿ. ಅದೂ ಮನೆ ಹಿಟ್ಟೇ ಅಲ್ವಾ?”

“ಗಿರಣೀಲಿ ಹಿಟ್ಟು ಕಾದು ಸತ್ವ ಹೋಗ್ಬಿಡುತ್ತೆ. ನಾಳೆಯಿಂದ ಒಂದು ಗಂಟೆ ಬೇಗ ಏಳು, ಅಷ್ಟೇ. ಈಗ ಒಂದು ಸೇರು ಬೀಸಿಟ್ಟು ಹೋಗು.”

“ಈಗಲಾ? ಗೇಟು ಮುಚ್ತಾರೆ!”

“ಆರೋಗ್ಯಕ್ಕಿಂತ ಗೇಟು ದೊಡ್ಡದಾ?”

“ಈಗಲೇ ನಾಲ್ಕೂವರೆಗೆ ಏಳ್ತೀನಿ. ಇನ್ನೂ ಬೇಗ ಅಂದ್ರೆ ಮಲಗೋದೇ ಬೇಡ ಬಿಡಿ.”

ಮಗ ಮೊಬೈಲು ತೆಗೆದು, ಬಾಗಿಲ ಬಳಿ ಕೂತಿದ್ದ ತಾಯಿಯ ಕಡೆ ಹಿಡಿದ. “ಅಮ್ಮಾ, ನೀನೇ ಬೀಸಿ ತೋರ್ಸು, ಇವಳಿಗೆ ಗೊತ್ತಾಗ್ಲಿ. ಸ್ವಲ್ಪ ನಗ್ತಾ ಬೀಸು, ವಿಡಿಯೋ ಚೆನ್ನಾಗಿ ಬರುತ್ತೆ.”

ತಾಯಿಯ ಮುಖ ಕೆಂಡವಾಯಿತು.

“ನಗ್ತಾನಾ? ನೀನು ಹೊಟ್ಟೇಲಿದ್ದಾಗ ಒಂಬತ್ತು ತಿಂಗಳೂ ಬೀಸಿದೀನಿ ಕಣೋ. ಹೆತ್ತು ಹನ್ನೊಂದನೇ ದಿನಕ್ಕೆ ಮತ್ತೆ ಕಲ್ಲಿನ ಮುಂದೆ ಕೂತೆ. ತಲೆ ಬಾಚ್ಕೊಳ್ಳೋಕೂ ಈ ರಟ್ಟೆ ಮೇಲೇಳಲ್ಲ. ನೂರು ವರ್ಷ ಬದುಕಿದ್ರಂತೆ! ತಿಂದವರು ಬದುಕಿದ್ರು. ಬೀಸಿದ ನಮ್ಮಮ್ಮ ನಲವತ್ತಕ್ಕೇ ಹೋದಳು.” ಸೊಸೆಯ ಕಡೆ ತಿರುಗಿದಳು. “ನೀನು ಹೊರಡಮ್ಮ, ಬಸ್ಸು ತಪ್ಪುತ್ತೆ.”

“ಅವಳು ಹೋದ್ರೆ ಬೀಸೋರು ಯಾರು?”

“ನಿನಗೆ ರಜಾ ತಾನೇ? ಬುದ್ಧಿ ಹೇಳೋಕೆ ನಾಲಿಗೆ ಸಾಕು, ಬೀಸೋಕೆ ರಟ್ಟೆ ಬೇಕು. ಕೂತ್ಕೋ.”

ಸೊಸೆ ದಡದಡ ಮೆಟ್ಟಿಲಿಳಿದಳು. ಮಗ ಗೂಟ ಹಿಡಿದು ಕೂತ. ಹತ್ತು ಸುತ್ತಿಗೆ ಬೆವರು ಕಿತ್ತುಕೊಂಡಿತು, ಐವತ್ತಕ್ಕೆ ಸೊಂಟ ಹಿಡಿಯಿತು. ಅರ್ಧ ಗಂಟೆಗೆ ಕಲ್ಲಿನ ಸುತ್ತ ಬಿದ್ದದ್ದು ಎರಡು ಹಿಡಿ ಹಿಟ್ಟು.

“ಉಳಿದದ್ದು ಅವಳು ಸಾಯಂಕಾಲ ಬಂದು ಬೀಸ್ಲಿ ಬಿಡು” ಎಂದು ಕೈ ಕೊಡವಿ ಎದ್ದ.

ತಾಯಿ ಆ ಹಿಟ್ಟನ್ನು ಬಳಿದು ಕಲಸಿ ಎರಡು ರೊಟ್ಟಿ ಸುಟ್ಟಳು. ಒಂದನ್ನು ತಾನು ತಿಂದು, ಇನ್ನೊಂದನ್ನು ಸೊಸೆಗೆಂದು ಮುಚ್ಚಿಟ್ಟಳು.

ಮಧ್ಯಾಹ್ನ ಮಗ ಊಟಕ್ಕೆ ಕೂತಾಗ, ಅವನ ತಟ್ಟೆಗೆ ಒಂದು ಬೊಗಸೆ ಗೋಧಿ ಕಾಳು ಸುರಿದಳು.

“ಗಿರಣಿ ಕಂಡಿಲ್ಲ, ಪೊಟ್ಟಣ ಕಂಡಿಲ್ಲ, ಯಾವ ಹೆಂಗಸಿನ ರಟ್ಟೇನೂ ನೋಯಿಸಿಲ್ಲ. ಅಗಿದು ತಿನ್ನು.”