ಒಂದು ಮಾತು ಹೇಳಲು ಬಂದವನು

ಹನ್ನೊಂದು ವರ್ಷಗಳ ಹಿಂದೆ ಬೋರ್‌ವೆಲ್ ನೀರಿನ ಜಗಳದಲ್ಲಿ ಯಮನೂರಪ್ಪ ತನ್ನ ಅಣ್ಣ ದುರಗಪ್ಪನ ಬಲಗಣ್ಣು ಹೋಗುವಂತೆ ಹೊಡೆದಿದ್ದ. ನಿನ್ನನ್ನು ಜೀವಸಹಿತ ಬಿಡುವುದಿಲ್ಲ ಎಂದು ಅಣ್ಣ ಅಂದೇ ಆಣೆ ಮಾಡಿದ್ದ. ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಇವತ್ತು ಮಧ್ಯಾಹ್ನ ಕಲ್ಲಿನ ಕ್ವಾರಿಯಲ್ಲಿ ಊಟಕ್ಕೆ ಕೂತಿದ್ದ ಯಮನೂರಪ್ಪನಿಗೆ ಅಣ್ಣ ಒಬ್ಬನೇ ಇಳಿದು ಬರುವುದು ಕಾಣಿಸಿತು. ಬುತ್ತಿ ಬದಿಗಿಟ್ಟು ಹಾರೆ ಎತ್ತಿಕೊಂಡ.

"ಅಲ್ಲೇ ನಿಂದ್ರು!"

"ಒಂದು ಮಾತು ಹೇಳಿ ಹೋಗ್ತೀನಿ."

"ಹೆಜ್ಜಿ ಮುಂದಿಟ್ರ ಕಾಲು ಮುರೀತೀನಿ."

ದುರಗಪ್ಪ ನಿಲ್ಲಲಿಲ್ಲ. ಹಾರೆ ಮೊಣಕಾಲಿಗೆ ಬಡಿಯಿತು. ಅವನು ಜಲ್ಲಿಯ ಮೇಲೆ ಬಿದ್ದ. ಎರಡನೆಯ ಏಟು ಭುಜಕ್ಕೆ ಬಿತ್ತು. ಯಮನೂರಪ್ಪ ಅವನ ಎದೆಯ ಮೇಲೆ ಕಾಲಿಟ್ಟು ಹಾರೆಯ ಮೊನೆಯನ್ನು ಗಂಟಲಿಗೆ ಒತ್ತಿ ಹಿಡಿದ. ಸುತ್ತಲಿನ ಆಳುಗಳು ಹತ್ತಿರ ಬರಲು ಹೆದರಿದರು.

"ಕೊಲ್ಲಾಕ ಬಂದಾಂವ, ಕೈ ಯಾಕ ಎತ್ತವಲ್ಲಿ?"

"ನಿನಗೀಗ ನಲವತ್ತಾರು, ಹೌದಲ್ಲೋ?"

"ನನ್ನ ವಯಸ್ಸು ಕೇಳಾಕ ಬಂದೀಯೇನು?"

ದುರಗಪ್ಪ ಕಷ್ಟಪಟ್ಟು ಉಸಿರೆಳೆದುಕೊಂಡ.

"ಅಪ್ಪಗ ಬಂದಿದ್ದ ಪ್ರಾಸ್ಟೇಟ್ ಕ್ಯಾನ್ಸರ್ ನನಗೂ ಬಂದೈತಿ, ಎಲುಬಿಗೆಲ್ಲಾ ಹಬ್ಬೈತಿ. ನಮ್ಮಂಥ ಮನಿಯಾಗಿನ ಗಂಡಸರು ನಲವತ್ತಕ್ಕ ರಕ್ತ ಪರೀಕ್ಷಾ ಮಾಡಿಸಬೇಕಂತ. ಮುಂದ ಎಷ್ಟು ವರ್ಷಕ್ಕೊಮ್ಮೆ ಅನ್ನೂದನ್ನ ಮೊದಲನೇ ರಿಪೋರ್ಟ್ ನೋಡಿ ಡಾಕ್ಟರ್ ಹೇಳ್ತಾರ. ಸುರುವಿನಾಗ ನೋವು ಇರಂಗಿಲ್ಲ, ಗೊತ್ತಾಗಂಗಿಲ್ಲ. ನಾಳೆನ ಹೋಗಿ ಮಾಡಿಸ್ಕೋ, ತಮ್ಮಾ."