ನೆಂಟರ ಕಾಗದ

ನೆಂಟರ ಕಾಗದಕ್ಕೆ ನೋಟರಿ ಪಂಚಾಕ್ಷರಯ್ಯ ಸತ್ತರೂ ಸೀಲು ಹಾಕುವವರಲ್ಲ. ಪಿಂಚಣಿಗೆಂದು ಜೀವಂತ ಪ್ರಮಾಣಪತ್ರ ಬರೆಸಿಕೊಂಡು ಬಂದ ಸ್ವಂತ ಅತ್ತೆಯನ್ನೇ, "ನೀವು ಬದುಕಿದ್ದೀರಿ ಅಂತ ನಾನು ಹೇಳೋ ಹಾಗಿಲ್ಲ ಅತ್ತೆ" ಎಂದು ವಾಪಸು ಕಳಿಸಿದ್ದರು.

ಹೀಗಿರುವಾಗ ಗುರುತು ಪರಿಚಯವಿಲ್ಲದವನೊಬ್ಬ ಅಫಿಡವಿಟ್ ತಂದದ್ದು ನೋಡಿ ಅವರಿಗೆ ಹಾಯೆನಿಸಿತು. ಸೀಲನ್ನು ಕೈಯಲ್ಲಿ ಹಿಡಿದೇ ಓದತೊಡಗಿದರು. ತಂದೆಯ ಹೆಸರು ಎಂಬಲ್ಲಿ, ತೀರಿಕೊಂಡ ಅವರ ಅಪ್ಪನ ಹೆಸರೇ ಇತ್ತು. ಪಂಚಾಕ್ಷರಯ್ಯ ವಾಸವಿದ್ದ ಮನೆಯಲ್ಲಿ ಅರ್ಧ ಪಾಲು ತನ್ನದೆಂದೂ ಬರೆದಿತ್ತು.

ಸೀಲು ಕೆಳಗಿಟ್ಟರು. "ಇದು ನನ್ನ ಕೈಯಲ್ಲಾಗಲ್ಲ."

"ಯಾಕೆ ಸ್ವಾಮಿ?"

ಮೂವತ್ತು ವರ್ಷದ ಅಭ್ಯಾಸ, ಬಾಯಿ ತಾನಾಗಿಯೇ ಹೇಳಿತು. "ನೆಂಟರದ್ದು ನಾನು ಮಾಡಲ್ಲ."

ಬಂದವನು ಇನ್ನೊಂದು ಛಾಪಾಕಾಗದ ಮುಂದಿಟ್ಟ.

"ಅಷ್ಟನ್ನೇ ಇದರಲ್ಲಿ ಬರೆದು ಸೀಲ್ ಹಾಕ್ಕೊಡಿ, ಸಾಕು."