ಹೊಲಿಗೆಯ ನಡುವಿನ ಗಂಟು

ಇವತ್ತಿಗೂ ಮನೆಗೆ ಪಾರ್ಸೆಲ್ ಬಂದರೆ, ಬಿಚ್ಚುವ ಮೊದಲು ಅದರ ಅಂಚನ್ನು ಬೆರಳಿನಿಂದ ಸವರಿ ನೋಡುತ್ತೇನೆ.

ಬನಹಟ್ಟಿಯ ನಮ್ಮ ಮನೆಯಲ್ಲಿ ಆ ಮಧ್ಯಾಹ್ನ ಅವ್ವ, ಮದುವೆಯಾಗಿ ಸೋಲಾಪುರಕ್ಕೆ ಹೋಗಿದ್ದ ಅಕ್ಕನಿಗೆ ಹಸಿರು ಬಳೆ ಕಳಿಸಲು ಕೂತಿದ್ದಳು. "ಟಪಾಲದಾಗ ಎತ್ತಿ ಒಗೀತಾರ, ತುಳೀತಾರ," ಎನ್ನುತ್ತ ಒಂದೊಂದು ಬಳೆಗೂ ಮಗ್ಗದ ಚಿಂದಿ ನೂಲು ಸುತ್ತಿ, ಡಬ್ಬಿಗೆ ತುಂಬಿ, ಗಂಜಿ ವಾಸನೆಯ ದಪ್ಪ ಬಟ್ಟೆಯಲ್ಲಿಟ್ಟು ಹೊಲಿದಳು. ಒಳಗೆ ನನ್ನ ಕೈಯಿಂದ ಬರೆಸಿದ ಚೀಟಿಯೂ ಇತ್ತು: 'ತಾಳಾಕ ಆಗದಿದ್ರ ಹೊಳ್ಳಿ ಮನಿಗೆ ಬಾ.'

"ಸುತ್ತ ಒಂದ ಎಳಿ ಹಾಕೇನಿ. ನಡುವ ಒಂದೂ ಗಂಟಿಲ್ಲ. ಯಾರರ ಬಿಚ್ಚಿದ್ರ ಗೊತ್ತಾಗತೈತಿ," ಎಂದು ನನಗೆ ಹೇಳಿದಳು. ಸಂಜೆ ಅಪ್ಪ ಅದನ್ನು ಅಂಚೆಗೆ ಹಾಕಿ ಬಂದ.

ನಾಗರ ಪಂಚಮಿ ಹಬ್ಬಕ್ಕೆ ಅಕ್ಕ ಸೊರಗಿ ಬಂದಳು. ಪಾರ್ಸೆಲಿನ ಬಟ್ಟೆಯ ಒಂದು ಬದಿಯ ಹೊಲಿಗೆ ಮಾತ್ರ ಬಿಚ್ಚಿ, ಅದನ್ನೇ ಚೀಲ ಮಾಡಿಕೊಂಡು ಹಬ್ಬದ ಸಿಹಿ ಉಂಡಿ ತಂದಿದ್ದಳು.

"ಬಳಿ ಒಂದೂ ಒಡದಿರಲಿಲ್ಲವ್ವಾ."

"ಚೀಟಿ?"

"ಯಾವ ಚೀಟಿ?"

ಮಗ್ಗದಲ್ಲಿ ಕೂತು ನೇಯುತ್ತಲೇ ಅಪ್ಪ ಹೇಳಿದ: "ಟಪಾಲದಾಗ ಯಾರರ ಬಿಚ್ಚಿರಬೇಕ, ಬಿಡು."

ಅವ್ವ ಉಂಡಿ ತೆಗೆದಿಟ್ಟು, ಉಳಿದ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಒಂದು ಕಡೆ ಬೆರಳು ತಡೆದು ನಿಂತಿತು; ನನ್ನ ಬೆರಳನ್ನೂ ಅಲ್ಲಿಟ್ಟಳು. ಎಳ್ಳಿನಷ್ಟೇ ಸಣ್ಣ, ಚಪ್ಪಟೆ ಗಂಟು. ಮಗ್ಗದಲ್ಲಿ ಎಳೆ ಹರಿದಾಗ ಅಪ್ಪ ದಿನಾ ಹಾಕುತ್ತಿದ್ದಂಥದ್ದು.

"ಟಪಾಲದವರಿಗೆ ನೇಕಾರ ಗಂಟ ಯಾರ ಕಲಿಸ್ಯಾರ್ರೀ?" ಎಂದು ಅವ್ವ ಕೇಳಿದಳು.

ಯಾವ ಎಳೆಯೂ ಹರಿದಿರಲಿಲ್ಲ. ಆದರೂ ಮಗ್ಗ ನಿಂತಿತು.